ಸಾಹೇಬರಿಗೆ ಹುರಿದುಕೊಟ್ಟ ತೆನೆಗಳು

ನನ್ನ ಮೊಮ್ಮಗಳು ಜೋಳದ ವಿಜ್ಞಾನಿ. ಕಾಯಂ ನೌಕರಿ. ಈ ಮಾತನ್ನು ನಮ್ಮ ಭೋಸರಿಯ ಚಾಳದವರಿಗೆ ಹೇಳಿದ್ದೇನೆ, ಹಾಲಿನವನಿಗೆ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೂ ಕೇಳದೆಯೇ ಹೇಳಿದ್ದೇನೆ. ಈಗ ಬರೆದೂ ಬಿಡುತ್ತೇನೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿರಿ.

ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದವರು ನಾವು. ಮಗ ಕಾರ್ಖಾನೆ ಸೇರಿದ. ನನಗೆ ಇಟ್ಟಿಗೆ ಹೊರುವುದು ಆಗದಾದಾಗ, ತೊಂಬತ್ತರ ದಶಕದ ನಡುವೆ, ಖರಾಡಿಯಾಚೆ ಒಬ್ಬ ವಿಜ್ಞಾನಿ ಸಾಹೇಬರ ಪ್ರಯೋಗದ ಹೊಲದಲ್ಲಿ ದಿನಗೂಲಿ ಸಿಕ್ಕಿತು. ಅಲ್ಲಿ ಜೋಳಕ್ಕೆ ಜೋಳವನ್ನು ಕೂಡಿಸಿ ಹೊಸ ತಳಿ ಮಾಡುತ್ತಿದ್ದರು. ಹೂವು ಅರಳುವ ಮೊದಲೇ ಒಂದೊಂದು ಹೂವಿನೊಳಗಿನ ಮೂರು ಕೇಸರಗಳನ್ನು ಸೂಜಿಯಿಂದ ಎತ್ತಿ ತೆಗೆಯಬೇಕು, ತೆನೆಗೆ ಕಾಗದದ ಚೀಲ ಹಾಕಬೇಕು, ಮರುದಿನ ಬೆಳಗ್ಗೆ ಬೇರೆ ಗಿಡದ ಪರಾಗ ಉದುರಿಸಿ ಚೀಟಿ ಕಟ್ಟಬೇಕು. ಜೀವಮಾನವೆಲ್ಲ ಜೋಳ ಹಸನು ಮಾಡಿದ ಬೆರಳು ನನ್ನವು. ಎರಡೇ ದಿನದಲ್ಲಿ ಕಲಿತೆ.

ಶಾಲೆಯ ಸೂಟಿಯಲ್ಲಿ ಮೊಮ್ಮಗಳನ್ನೂ ಕರೆದೊಯ್ಯುತ್ತಿದ್ದೆ. ಆಗ ಅವಳು ಎಂಟನೇ ಇಯತ್ತೆ. ಆ ಹೊಲದ ಹುಚ್ಚು ಹಿಡಿಸಿದ್ದು ನಾನೇ. ಮುಂದೆ ಅದೇ ವಿದ್ಯೆ ಓದಿದಳು, ಮೊದಲು ಒಂದು ಡಿಗ್ರಿ, ಆಮೇಲೆ ಇನ್ನೊಂದು. ಎರಡು ಸಾವಿರ ದಾಟಿದ ಮೇಲೆ ಪಿಎಚ್‌ಡಿಗೆಂದು ಅದೇ ಹೊಲಕ್ಕೆ, ಅದೇ ಸಾಹೇಬರ ಕೈಕೆಳಗೆ ಬಂದಳು. ಸೀತನಿಗೆ ರುಚಿಯಾದ, ಹೊಲದಲ್ಲಿ ಬೀಳದೆ ನಿಲ್ಲುವ ಜೋಳ ಮಾಡುವುದು ಅವಳ ವಿಷಯ. ಸೀತನಿ ಅಂದರೆ ಎಳೆ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದು ತಿನ್ನುವುದು. ಮರಾಠಿಯವರು ಹುರ್ಡಾ ಅನ್ನುತ್ತಾರೆ.

ಸಿಕ್ಕಿಬಿದ್ದದ್ದು ಅಲ್ಲಿಯೇ.

ಹಿಂಗಾರಿ ಜೋಳ ವರ್ಷಕ್ಕೊಮ್ಮೆ ಬರುತ್ತದೆ. ಮೂರು ವರ್ಷದ ಲೆಕ್ಕವಿದ್ದರೆ ಪಿಎಚ್‌ಡಿಯ ಪುಸ್ತಕ ಬರೆದು ಒಪ್ಪಿಸಬಹುದೆಂದು ಮೊದಲು ಹೇಳಿದ್ದರು. ಒಂದು ವರ್ಷದ್ದನ್ನು ಸಾಹೇಬರು ಸರಿಯಿಲ್ಲ ಅಂದರು. ಇನ್ನೊಂದು ವರ್ಷದ್ದನ್ನು ತಮ್ಮ ಬೇರೆ ಕೆಲಸಕ್ಕೆ ತೆಗೆದುಕೊಂಡರು. ಐದನೇ ವರ್ಷವೂ ಬಂತು. ಅವರ ಇಡೀ ಹೊಲ ನೋಡಿಕೊಳ್ಳುತ್ತಿದ್ದವಳು ಇವಳೇ. ಬಿಟ್ಟುಕೊಟ್ಟರೆ ಅವರಿಗೆ ಕೈಯೇ ಮುರಿದಂತೆ. ಅವರ ಸಹಿ ಇಲ್ಲದೆ ಪುಸ್ತಕ ಮುಂದೆ ಹೋಗುವುದಿಲ್ಲ, ಪುಸ್ತಕ ಹೋಗದೆ ನೌಕರಿ ಇಲ್ಲ. ಬೇರೆ ಕಡೆ ಹೋದರೆ ಮೊದಲಿನಿಂದ ಶುರು. ನಾನೂ ಅವರ ಕೂಲಿಯವಳು, ಬಾಯಿ ತೆರೆಯುವ ಹಾಗಿಲ್ಲ. ಬೆಳಗ್ಗೆ ಐದಕ್ಕೆ ಎದ್ದು, ಶಿವಾಜಿನಗರದಲ್ಲಿ ಬಸ್ಸು ಬದಲಿಸಿ ಇಬ್ಬರೂ ಹೋಗುವುದು, ಹೊತ್ತು ಮುಳುಗಿದ ಮೇಲೆ ಬರುವುದು. ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ಕೂರುತ್ತಿದ್ದಳು.

"ಏನ್ರಿ ಅಜ್ಜಿ, ನಿಮ್ಮ ಮೊಮ್ಮಗಳ ಸಾಲಿ ಇನ್ನಾ ಮುಗೀಲಿಲ್ಲೇನ್ರಿ?" ಚಾಳದ ನಳದ ಹತ್ತಿರ ಪಕ್ಕದ ಮನೆಯವಳು ಕೇಳುತ್ತಿದ್ದಳು. "ನಮ್ಮಾಕಿಗಿ ಎರಡನೇ ಕೂಸು ಆತು ನೋಡ್ರಿ."

"ನಮ್ಮಾಕಿ ಜ್ವಾಳ ಹಡ್ಯಾಕತ್ಯಾಳವಾ," ಅಂದೆ ಒಮ್ಮೆ. "ಸ್ವಲ್ಪ ತಡಾ ಆಗ್ತದ."

ಹಾಗೆ ಅಂದವಳು ಕೊಡ ಅರ್ಧ ತುಂಬಿದ್ದಾಗಲೇ ಹೊತ್ತು ಮನೆಗೆ ಬಂದೆ.

ಐದನೇ ವರ್ಷದ ಚಳಿಗಾಲ. ಪ್ರತಿ ವರ್ಷದಂತೆ ಸಾಹೇಬರು ಮೇಲಿನ ಆಫೀಸಿನ ದೊಡ್ಡವರನ್ನು ಹುರ್ಡಾ ತಿನ್ನಲು ಕರೆದಿದ್ದರು. ಮೊಮ್ಮಗಳು ಅಂದು ಲೈಬ್ರರಿಗೆ ಹೋಗಿದ್ದಳು. ಸಾಹೇಬರು ನನ್ನನ್ನು ಕರೆದು, "ಆಜಿ, ಎಲ್ಲಕ್ಕಿಂತ ಸಿಹಿ ಇರೋದು ತಂದುಕೊಡಿ," ಎಂದು ಮರಾಠಿಯಲ್ಲಿ ಹೇಳಿದರು.

ಅತಿಥಿಗಳಿಗೆಂದೇ ಬದುವಿನ ಕಡೆ ಒಂದು ಪಟ್ಟಿ ಬಿತ್ತಿದ್ದರು. ಅಲ್ಲಿಗೆ ಹೋಗಿ ಕಾಳು ಚಿವುಟಿ ಬಾಯಿಗೆ ಹಾಕಿಕೊಂಡೆ. ಸಪ್ಪೆ. ಆಗ ನನ್ನ ತಲೆಯಲ್ಲಿ ಒಂದು ವಿಚಾರ ಬಂತು. ಮೊಮ್ಮಗಳ ಸಾಲಿನ ಜೋಳ ಎಷ್ಟು ಸಿಹಿ ಎಂಬುದು ನನಗೆ ಗೊತ್ತು. ದೊಡ್ಡವರು ಅದನ್ನೇ ತಿನ್ನಲಿ. ತಿಂದವರು ಯಾರದು ಅಂತ ಕೇಳಿಯೇ ಕೇಳುತ್ತಾರೆ. ಕೇಳಿದರೆ ಅವಳ ಬೆಲೆ ತಿಳಿಯುತ್ತದೆ, ಈ ಹೊಲದಿಂದ ಅವಳನ್ನು ಬಿಡಿಸುತ್ತಾರೆ. ತಿನ್ನುವುದಕ್ಕಲ್ಲದೆ ಜೋಳ ಮತ್ತೇತಕ್ಕೆ ಬೆಳೆಯುವುದು? ಚೀಟಿ ಕಟ್ಟಿದ ಸಾಲು ಎಂದು ಗೊತ್ತಿದ್ದೂ ಕುಡುಗೋಲು ಹಾಕಿದೆ. ಇಪ್ಪತ್ತೆಂಟು ತೆನೆ. ಒಂದನ್ನೂ ಬಿಡಲಿಲ್ಲ.

ಸಗಣಿ ಕುರುಳಿನ ಕೆಂಡದಲ್ಲಿ ಸುಟ್ಟು, ಬಡಿದು, ಶೇಂಗಾ ಚಟ್ನಿಯ ಜೊತೆ ಕೊಟ್ಟೆ. ದೊಡ್ಡವರು ಬೆರಳು ಚೀಪಿದರು. ನಾನು ಮುಂದೆ ನಿಂತು, "ನನ್ನ ಮೊಮ್ಮಗಳು ಮಾಡಿದ ಜೋಳ, ಸಾಹೇಬ," ಎಂದು ನನ್ನ ಹರಕು ಮರಾಠಿಯಲ್ಲಿ ಮೂರು ಸಲ ಹೇಳಿದೆ. ಅವರು "ವಾ, ವಾ" ಅಂದು ಇನ್ನಷ್ಟು ಹಾಕಿಸಿಕೊಂಡರು. ನಮ್ಮ ಸಾಹೇಬರೂ ಕೇಳಿಸಿಕೊಂಡರು, ತಾವೂ ತಿಂದರು. ಜೀಪು ಹತ್ತುವಾಗ ಯಾರೂ ಮೊಮ್ಮಗಳ ಹೆಸರು ಕೇಳಲಿಲ್ಲ.

ಮರುದಿನ ಅವಳು ಸಾಲಿನ ಮುಂದೆ ನಿಂತಳು. ತಲೆಯಿಲ್ಲದ ದಂಟುಗಳು, ಕಾಲಬಳಿ ಚೀಟಿಗಳು.

"ಅಜ್ಜಿ, ಇದನ್ನ ಯಾರು ಕೊಯ್ದ್ರು?"

ಹೇಳಿದೆ. ಬೈಯಲಿಲ್ಲ. ನೆಲದ ಮೇಲೆ ಕೂತುಬಿಟ್ಟಳು.

"ಇವು ಮಾಗಬೇಕಿತ್ತು. ಕಾಳು ಎಣಿಸಬೇಕಿತ್ತು, ತೂಗಬೇಕಿತ್ತು," ಎಂದು ಮೆಲ್ಲಗೆ ತಿಳಿಸಿದಳು. ಒಂದೇ ಬೀಜವನ್ನು ಹೊಲದ ಮೂರು ಕಡೆ ಬಿತ್ತಿರುತ್ತಾರಂತೆ. ಒಂದು ಕಡೆ ಹಾಳಾದರೂ ಉಳಿದೆರಡರಿಂದ ಲೆಕ್ಕ ತೆಗೆಯಬಹುದಂತೆ. "ಆದ್ರ ಸಾಹೇಬ್ರಿಗೆ ಒಂದು ನೆವಾ ಸಿಕ್ತಲ್ಲ ಅಜ್ಜಿ. ಮತ್ತೊಂದು ವರ್ಷ ಅಂತಾರ."

ಅವಳನ್ನು ಹೊರಗೆ ತರಲು ಹೋಗಿ ಬಾಗಿಲಿಗೆ ನಾನೇ ಅಗಳಿ ಜಡಿದಿದ್ದೆ.

ಅವಳು ಹೊಲದ ಪುಸ್ತಕ ತೆಗೆದಳು. ಆಯಾ ದಿನ ನಡೆದದ್ದನ್ನು ಅದರಲ್ಲಿ ಬರೆಯಬೇಕು, ಹಾಳೆ ಹರಿಯುವ ಹಾಗಿಲ್ಲ. ಬರೆದು ನನಗೆ ಓದಿ ಹೇಳಿದಳು: ಈ ಸಾಲಿನ ಎಲ್ಲ ತೆನೆಗಳನ್ನು ಮಾಗುವ ಮೊದಲೇ ಸಾಹೇಬರ ಅತಿಥಿಗಳ ಹುರ್ಡಾಕ್ಕೆ ಕೊಯ್ಯಲಾಗಿದೆ.

"ಸಾಹೇಬ್ರ ಹೆಸರ್ಯಾಕ ತಂದಿ? ಅಜ್ಜಿ ತಪ್ಪ ಮಾಡ್ಯಾಳಂತ ಬರಿ," ಅಂದೆ.

"ಈ ಪುಸ್ತಕದಾಗ ಬೆಳಿ ಹಾಳು ಮಾಡೋರ ಪಟ್ಟಿಯೊಳಗ ಅಜ್ಜಿ ಇಲ್ಲ. ಇಲಿ, ಹಕ್ಕಿ, ಗಾಳಿ, ಅಷ್ಟ ಅದಾವ," ಅಂದಳು. ಆ ಹೊತ್ತಿನಲ್ಲೂ ನನಗೆ ನಗೆ ಬಂತು. ಅವಳಿಗೆ ಬರಲಿಲ್ಲ.

ಸುಗ್ಗಿ ಮುಗಿದ ಮೇಲೆ ಸಾಹೇಬರು ಶೆಡ್ಡಿಗೆ ಬಂದರು. ನಾನು ಮೂಲೆಯಲ್ಲಿ ಬೀಜದ ಚೀಲ ಹೊಲಿಯುತ್ತಿದ್ದೆ. ಒಂದು ಕಡೆಯ ಲೆಕ್ಕವಿಲ್ಲ, ಇನ್ನೊಂದು ವರ್ಷ ಬೆಳೆಯಲೇಬೇಕು ಎಂದರು. ಮೊಮ್ಮಗಳು ಮರಾಠಿಯಲ್ಲಿ ನಿಧಾನವಾಗಿ ಹೇಳಿದಳು:

"ಆಗಲಿ ಸರ್. ಅವಧಿ ಹೆಚ್ಚಿಸಿರೆಂದು ಯುನಿವರ್ಸಿಟಿ ಕಮಿಟಿಗೆ ಅರ್ಜಿ ಕೊಡಬೇಕು. ಕಾರಣ ಕೇಳ್ತಾರೆ. ಈ ಪುಟದ ನಕಲು ಹಚ್ಚಿ ಕೊಡ್ತೀನಿ."

ಸಾಹೇಬರು ಪುಟ ಓದಿದರು. ಮತ್ತೊಮ್ಮೆ ಓದಿದರು.

"ಈ ಪುಟ ಬೇರೆ ಬರೆಯೋಕಾಗಲ್ಲವೇ?"

"ಪುಟಗಳಿಗೆ ನಂಬರ್ ಇದೆ ಸರ್. ಮುದ್ರೆ ನಿಮ್ಮದೇ."

ನನ್ನ ಸೂಜಿ ಚೀಲದಲ್ಲೇ ನಿಂತಿತ್ತು. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಹೊರಗೆ ಹೊಲದ ಕಡೆ ನೋಡಿದರು. ಕೊನೆಗೆ, ಉಳಿದೆರಡು ಕಡೆಯ ತೆನೆಗಳು ಚೆನ್ನಾಗಿವೆಯೇ ಎಂದು ಕೇಳಿದರು. ಚೆನ್ನಾಗಿವೆ ಅಂದಳು. ಹಾಗಾದರೆ ಅಷ್ಟರಲ್ಲೇ ಲೆಕ್ಕ ಮಾಡು, ಬರೆದು ತಾ, ನೋಡೋಣ ಎಂದರು.

ಬರೆದಳು. ಎರಡು ಸಲ ತಿದ್ದಿಸಿದರು. ಮೂರನೇ ಸಲ ಸಹಿ ಮಾಡಿದರು. ಅದೇ ದಿನ ಮೇಸ್ತ್ರಿ ನನ್ನ ಹತ್ತಿರ ಬಂದು, ಮುಂದಿನ ಹಂಗಾಮಿಗೆ ಆಜಿ ಬರುವುದು ಬೇಡವಂತೆ ಎಂದ. "ಬರಂಗಿಲ್ಲಪಾ," ಅಂದೆ. ಬಸ್ಸಿನಲ್ಲಿ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡೆ. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ.

ಮರುದಿನ ಅವಳು ಏಳಲಿಲ್ಲ. ಐದಾಯಿತು, ಏಳಾಯಿತು, ಬಿಸಿಲು ಹಾಸಿಗೆಯ ಮೇಲೆ ಬಂತು. ಎಬ್ಬಿಸಬೇಡ ಎಂದು ಸೊಸೆಗೆ ಕೈಸನ್ನೆ ಮಾಡಿದೆ. ಕುಕ್ಕರ್ ಇಡಲು ಬಿಡಲಿಲ್ಲ. ಹೊಸ್ತಿಲಲ್ಲಿ ಕೂತೆ. ಪಕ್ಕದ ಮನೆಯವಳು ಕೊಡ ಹಿಡಿದುಕೊಂಡು ಬಂದು ಬಾಯಿ ತೆರೆದಳು.

"ಮೆಲ್ಲಕ ಮಾತಾಡವಾ," ಅಂದೆ. "ನಮ್ಮಾಕಿ ಮಲಗ್ಯಾಳ."