ಕಾಕಾನ ಜರ್ಮನ್ ಕ್ಯಾಮೆರಾಕ್ಕೆ ಸಿಗದ ಚಿಗರಿ

ಕಾಕಾ ಕರಿ ಬಟ್ಟೆಯೊಳಗೆ ತಲೆ ತೂರಿಸಿದ್ದೇ ತಡ, ಉಪ್ಪಿನಬೆಟಗೇರಿಯ ಹೊಲದ ಬದುವಿನಲ್ಲಿ ಮೇಯುತ್ತಿದ್ದ ಚಿಗರಿಗಳೆಲ್ಲ ಕತ್ತೆತ್ತಿ ನಿಂತವು. ಮೂರು ಕಾಲಿನ ಮೇಲೊಂದು ಜರ್ಮನ್ ಕ್ಯಾಮೆರಾ, ಅದರ ಹಿಂದೆ ತಲೆಯೇ ಇಲ್ಲದ ಧೋತರದ ಮನುಷ್ಯ. ನಾನು ಚಿಗರಿಯಾಗಿದ್ದರೂ ಓಡುತ್ತಿದ್ದೆ.

ವಕೀಲರಾದ ನಮ್ಮ ಕಾಕಾ ಧಾರವಾಡದಿಂದ ಚಕ್ಕಡಿ ಹೊರಟಾಗಿನಿಂದ ಆ ಕ್ಯಾಮೆರಾದ ಮಸೂರವನ್ನೇ ಹೊಗಳುತ್ತ ಬಂದಿದ್ದರು. ತಮ್ಮ ಹೆಂಡತಿ, ನಮ್ಮ ಕಾಕುವಿನ ಕೈಯಲ್ಲಿದ್ದ ಅಗ್ಗದ ಡಬ್ಬಿ ಕ್ಯಾಮೆರಾ ನೋಡಿ, "ಅದರಾಗ ಚಿಗರಿ ತಗದ್ರ ಕುರಿ ಕಂಡಂಗ ಕಾಣ್ತದ" ಎಂದು ನಕ್ಕಿದ್ದರು.

"ಕಾಣ್ಲಿ ಬಿಡ್ರಿ. ರೊಟ್ಟಿ ತಿನ್ನೂತನಕಾ ನಾ ಚಕ್ಕಡಿ ಇಳಿಯಂಗಿಲ್ಲ" ಎಂದು ಕಾಕು ಬುತ್ತಿ ಬಿಚ್ಚಿದ್ದರು.

ಕಾಕಾ ಗಾಜಿನ ಪ್ಲೇಟು ಹಾಕಿ ಗುಂಡಿ ಒತ್ತುವಷ್ಟರಲ್ಲಿ ಚಿಗರಿಗಳು ಅಲ್ಲಿರಲಿಲ್ಲ. ಓಡಿ ಬಂದು ನಮ್ಮ ಚಕ್ಕಡಿಯ ಪಕ್ಕದಲ್ಲೇ ನಿಂತಿದ್ದವು. ಆ ಹೊಲಗಳಲ್ಲಿ ದಿನಾ ಚಕ್ಕಡಿ ಓಡಾಡುತ್ತವೆ, ಎತ್ತು ಕಂಡರೆ ಅವಕ್ಕೆ ಹೆದರಿಕೆಯಿಲ್ಲ. ಕಾಕು ಶೇಂಗಾ ಚಟ್ನಿ ಮೆತ್ತಿದ ಬೆರಳಿನಿಂದಲೇ ಡಬ್ಬಿಯ ಗುಂಡಿ ಒತ್ತಿದರು. ಆಮೇಲೆ ರೊಟ್ಟಿ ಮುಗಿಸಿದರು.

ಈಗ ಎರಡೂ ಫೋಟೋ ಪಡಸಾಲೆಯಲ್ಲಿ ಅಕ್ಕಪಕ್ಕ ತೂಗುತ್ತಿವೆ. ಕಾಕುವಿನದು ಕೊಂಚ ಮಸುಕು, ಆದರೆ ತಿರುಚಿದ ಕೋಡಿನ ಗಂಡು ಚಿಗರಿ ನಮ್ಮನ್ನೇ ನೋಡುತ್ತದೆ. ಬಂದವರು ಅದರ ಮುಂದೆ ನಿಂತರೆ ಸಾಕು, ಕಾಕಾ ಅವರ ತೋಳು ಹಿಡಿದು ತಮ್ಮ ಫೋಟೋದ ಕಡೆಗೆ ಎಳೆಯುತ್ತಾರೆ: "ಇಲ್ಲಿ ನೋಡ್ರಿ, ಮಣ್ಣಿನ ಹೆಂಟಿ ಎಷ್ಟು ಸ್ವಚ್ಛ ಮೂಡ್ಯಾವ."