ಮಳೆ ಬೇಡವೆಂದು ಕಟ್ಟಿದ ಗೊಂಬೆ

ಬಾಳೆಗೊನೆ ತೂಗುಹಾಕುವ ನಮ್ಮ ಜಗಲಿಯ ಕೊಕ್ಕೆಯಲ್ಲಿ ಹೋದ ಬೇಸಿಗೆಯ ಒಂದು ಸಂಜೆ ಬಿಳಿ ಕರವಸ್ತ್ರದ ಗೊಂಬೆಯೊಂದು ನೇತಾಡುತ್ತಿತ್ತು. ಕಟ್ಟಿದವಳು ಹರುಕೋ. ಮೈಸೂರಿನಲ್ಲಿ ಯೋಗ ಕಲಿಯುತ್ತಾ ಕನ್ನಡವನ್ನೂ ಅಷ್ಟಿಷ್ಟು ಕಲಿತಿದ್ದ ಈ ಜಪಾನಿನ ಹೆಣ್ಣುಮಗಳು, ಕೊಕ್ಕರೆ ಬೆಳ್ಳೂರಿನ ಹಕ್ಕಿ ನೋಡಲು ಬಂದು ನಮ್ಮಲ್ಲೇ ಉಳಿದಿದ್ದಳು. ಹಿತ್ತಲ ಹುಣಸೆಮರದ ತುಂಬ ಕೊಕ್ಕರೆಗೂಡುಗಳು, ಗೂಡುಗಳ ತುಂಬ ಇನ್ನೂ ಹಾರಲಾರದ ಮರಿಗಳು. ಆಕಾಶವೋ ಕಪ್ಪಾಗಿ ಗಾಳಿ ಎದ್ದಿತ್ತು.

"ಇದು ತೆರು ತೆರು ಬೋಜು. ನಮ್ಮೂರಲ್ಲಿ ಮಳೆ ಬೇಡ ಅಂತ ಮಕ್ಕಳು ಕಟ್ಟುತ್ತಾರೆ" ಎಂದಳು.

ನಮ್ಮತ್ತೆ ನನ್ನ ಕಡೆ ತಿರುಗಿದರು. "ಮಳೆ ಬ್ಯಾಡ ಅಂತಾಳಾ? ಬೇಸಾಯಗಾರ್ರ ಮನೇಲಿ ಯಾರಾರ ಹಂಗಂದಾರಾ?"

"ಮರಿಗಳಿಗಾಗಿ, ಅಮ್ಮಾ" ಎಂದಳು ಹರುಕೋ.

ಅತ್ತೆ ಮರದತ್ತ ನೋಡಿದರು. ಹಕ್ಕಿಗಳೆಂದರೆ ಅವರಿಗೆ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. "ಸರಿ, ಇವತ್ತೊಂದಿನ ಬ್ಯಾಡ ಅನ್ನು."

ಮಳೆ ಕೇಳಲಿಲ್ಲ. ಸುರಿದೇ ಸುರಿಯಿತು. ಮರಿಯೊಂದು ಬಿದ್ದದ್ದು ಕಂಡದ್ದೇ ಅತ್ತೆ ಗೋಣಿತಾಟು ಹೊದ್ದು ಓಡಿದರು. ಹಿಂದೆಯೇ ಕೊಂಬೆ ಮುರಿದ ಸದ್ದು. ಅತ್ತೇ ಎಂದು ಕೂಗಿದೆ. ನಾನೂ ಹರುಕೋಳೂ ಕೆಸರಲ್ಲಿ ಜಾರುತ್ತಾ ಹೋದರೆ, ಮುರಿದ ಕೊಂಬೆಯ ಅಡಿಯಲ್ಲಿ ಬರೀ ಗೋಣಿತಾಟು. ಮತ್ತೆ ಮತ್ತೆ ಕೂಗುತ್ತಾ ಕೊಂಬೆ ಎತ್ತಲು ಕೈಹಾಕಿದೆ.

"ಇಲ್ಲಿವ್ನಿ ಕಣಮ್ಮ, ಯಾಕಂಗೆ ಕೂಗ್ತೀಯ?"

ಕೊಟ್ಟಿಗೆಯ ಗೋಡೆಗೊರಗಿ ಕೂತಿದ್ದರು. ಸೆರಗಿನೊಳಗೆ ಮರಿ ಬಿಸಿಯಾಗಿ ಮಿಸುಕುತ್ತಿತ್ತು. ನಾನು ಅಲ್ಲೇ ಕುಸಿದು ಅತ್ತುಬಿಟ್ಟೆ.

ಮಳೆ ಇಳಿದ ಮೇಲೆ ಹರುಕೋ ನಾಚಿಕೊಂಡು ಗೊಂಬೆ ಬಿಚ್ಚಹೋದಳು. "ಇರ್ಲಿ ಬುಡು, ಅದೂ ನಮ್ಜತೆ ನೆಂದದೆ" ಎಂದರು ಅತ್ತೆ. ನನ್ನ ಮಣಿಕಟ್ಟಿನಲ್ಲಿ ಮುತ್ತತ್ತಿಯ ಆಂಜನೇಯನ ದಾರವಿತ್ತು. ಓಡುವಾಗ ಅದನ್ನು ಬಿಗಿಹಿಡಿದಿದ್ದೆನೆಂಬುದು ಆಗಷ್ಟೇ ಅರಿವಾಯಿತು. ಗೆಳೆಯರೇ, ದಾರಕ್ಕಾಗಲೀ ಕರವಸ್ತ್ರಕ್ಕಾಗಲೀ ಮೋಡದ ಮೇಲೆ ಅಧಿಕಾರವಿದೆಯೋ ಇಲ್ಲವೋ, ನಾನರಿಯೆ. ಆದರೆ ಏನೂ ಕೈಲಾಗದ ಹೊತ್ತಿನಲ್ಲಿ ಕೈಗೊಂದು ಕೆಲಸ ಬೇಕಾಗುತ್ತದೆ. ಒಂದು ಗಂಟು ಹಾಕಿದರೆ ಎದೆಯ ಗಂಟೊಂದು ಸಡಿಲವಾಗುತ್ತದೆ. ಅದು ಜಪಾನಿನಲ್ಲೂ ಹೀಗೆಯೇ ಇರಬೇಕು.

ಬೆಳಿಗ್ಗೆ ಬಿಸಿಲು ಬಂತು. ಮರಿ ಪುಟ್ಟ ಮೀನೊಂದನ್ನು ಗುಳುಂ ಎಂದು ನುಂಗಿತು. ಅದನ್ನು ನೋಡಿದ ಅತ್ತೆ, ಹಗಲು ಎಂದೂ ಮಲಗದವರು, ಹಾಗೆಯೇ ಕಂಬಕ್ಕೊರಗಿ ನಿದ್ದೆಹೋದರು. ಕೆಳಗಿಟ್ಟರೆ ಸದ್ದಾದೀತೆಂದು ನಾನೂ ಹರುಕೋಳೂ ಕಾಫಿಲೋಟಗಳನ್ನು ಕೈಯಲ್ಲೇ ಹಿಡಿದು ತುಂಬ ಹೊತ್ತು ಕೂತಿದ್ದೆವು.