ಹುಳುವಿನ ಮೇಲಿನ ಬಿಳಿ ಪುಡಿ

2022ರಲ್ಲಿ ನಾನು ನಂಜನಗೂಡು ತಾಲ್ಲೂಕಿನ ಒಂದು ಪಶು ಚಿಕಿತ್ಸಾಲಯದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹಸು, ಎಮ್ಮೆ, ಆಡು, ಕುರಿಗಳ ನಡುವೆಯೇ ತಲೆ ನರೆತವನು ನಾನು. ಕರು ಅಡ್ಡ ಸಿಕ್ಕಿಕೊಂಡರೆ ಕಣ್ಣು ಮುಚ್ಚಿಕೊಂಡು ಎಳೆದು ಹಾಕುತ್ತೇನೆ ಎಂಬ ಜಂಬವೂ ಇತ್ತು. ಆ ಜಂಬವನ್ನು ಇಳಿಸಿದ್ದು ಒಂದು ಗೇಣುದ್ದದ ಪ್ರಾಣಿ.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ತಾಂಡವಪುರದಿಂದ ಅತ್ತೆ ಸೊಸೆ ಇಬ್ಬರು ಬಂದರು. ಸೊಸೆ ಸೌಮ್ಯ, ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲ್ಯಾಬ್ ಟೆಕ್ನೀಷಿಯನ್. ಅತ್ತೆ ಮಹದೇವಮ್ಮ, ಅರವತ್ತು ದಾಟಿದವರು, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಸೌಮ್ಯಳ ಕೈಯಲ್ಲಿದ್ದ ರಟ್ಟಿನ ಪೆಟ್ಟಿಗೆಯೊಳಗಿಂದ ಪರಪರ ಸದ್ದು ಬರುತ್ತಿತ್ತು. ಮುಚ್ಚಳ ತೆಗೆದೆ. ಮೈತುಂಬ ಮುಳ್ಳು, ಗಂಟಲ ಕೆಳಗೆ ಗಡ್ಡದಂಥ ಚರ್ಮ. ಬಿಯರ್ಡೆಡ್ ಡ್ರ್ಯಾಗನ್, ಆಸ್ಟ್ರೇಲಿಯಾ ಮೂಲದ ಗಡ್ಡದ ಓತಿ. ಪುಸ್ತಕದಲ್ಲಿ ಬಿಟ್ಟರೆ ನಾನು ಅದನ್ನು ಕಂಡದ್ದು ಅದೇ ಮೊದಲು.

"ನಾಲ್ಕು ತಿಂಗಳ ಮರಿ ಸರ್. ನನ್ನ ಜೊತೆ ಕೆಲಸ ಮಾಡೋರು ಕೊಟ್ಟಿದ್ದು. ಹೆಸರು ಪಟಾಕಿ," ಎಂದಳು ಸೌಮ್ಯ.

ಹೆಸರಿಗೆ ತಕ್ಕ ಹಾಗೇ ಇತ್ತು. ಪೆಟ್ಟಿಗೆಯಿಂದ ನೆಗೆದು ನನ್ನ ತೋಳಿನ ಮೇಲೆ ಓಡಿ, ಸ್ಟೆತೊಸ್ಕೋಪಿನ ಮೇಲೆ ಕುಳಿತು, ಮುಂಗಾಲೊಂದನ್ನು ಎತ್ತಿ ನಿಧಾನವಾಗಿ ಗಾಳಿಯಲ್ಲಿ ಆಡಿಸಿತು. ಮರಿಗಳು ತಮಗಿಂತ ದೊಡ್ಡವರನ್ನು ಕಂಡಾಗ ಹೀಗೆ ಮಾಡುತ್ತವೆ, ನಿನ್ನ ತಂಟೆಗೆ ಬರುವುದಿಲ್ಲ ಎಂದು ಅದರ ಅರ್ಥ. ಮಹದೇವಮ್ಮನ ಲೆಕ್ಕವೇ ಬೇರೆ.

"ಶರಣು ಅಂತದೆ ನೋಡಿ ಸಾ! ದಿನಾ ಬೆಳಿಗ್ಗೆ ನಾನ್ ಪೂಜೆಗ್ ಕೂತ್ರೆ ಗಾಜಿನ ಪೆಟ್ಗೆ ಒಳಗಿಂದ ಇಂಗೇ ಕೈ ಎತ್ತದೆ. ನಾನೂ ಶರಣಪ್ಪ ಅಂತೀನಿ."

ಕೆಳದವಡೆಯನ್ನು ಮುಟ್ಟಿ ನೋಡಿದೆ. ರಬ್ಬರಿನಂತೆ ಬಾಗಿತು. ಹಿಂಗಾಲು ಸಣ್ಣಗೆ ನಡುಗುತ್ತಿತ್ತು. ಮೂಳೆ ಮೆತ್ತಗಾಗುವ ಕಾಯಿಲೆ, ಆಗತಾನೇ ಶುರು. ಏನು ತಿನ್ನಿಸುತ್ತೀರಿ ಎಂದು ಕೇಳಿದರೆ ಸೌಮ್ಯ ಅತ್ತೆಯ ಮುಖ ನೋಡಿದಳು. ನುಗ್ಗೆಸೊಪ್ಪು, ಸಿಹಿಗುಂಬಳ, ದಾಸವಾಳದ ಹೂವು. ಅಷ್ಟೇ. ದೊಡ್ಡದಾದ ಮೇಲೆ ಈ ಪ್ರಾಣಿ ಹೆಚ್ಚಾಗಿ ಸೊಪ್ಪು ತಿನ್ನುತ್ತದೆ, ನಿಜ. ಬೆಳೆಯುವ ಮರಿಗೆ ಮಾತ್ರ ಹುಳುಹುಪ್ಪಟೆಯೇ ಮುಖ್ಯ ಆಹಾರ. ಬೆಂಗಳೂರಿನಿಂದ ಮಿಡತೆಯಂಥ ಹುಳುಗಳನ್ನು ತರಿಸಲು ಸೌಮ್ಯ ಹೊರಟಿದ್ದಳಂತೆ. ಜೀವ ತಿನ್ನೋ ಪದ್ಧತಿ ಈ ಮನೇಲಿ ಇಲ್ಲ ಎಂದು ಅತ್ತೆ ಹೊಸಿಲಲ್ಲೇ ನಿಲ್ಲಿಸಿದ್ದರು.

ಬೆಂಗಳೂರಿನಲ್ಲಿ ಸರೀಸೃಪಗಳಿಗೆ ಚಿಕಿತ್ಸೆ ಕೊಡುವ ಗೆಳೆಯನಿಗೆ ಫೋನು ಮಾಡಿದೆ. ಅವನು ಮೂರು ವಿಷಯ ಹೇಳಿದ: ಬಿಸಿಲಿನಂಥ ಕಿರಣ ಕೊಡುವ ಯುವಿಬಿ ದೀಪ, ಕ್ಯಾಲ್ಸಿಯಂ ಪುಡಿ, ಹುಳು. ಯಾವ ಹುಳು ಒಳ್ಳೆಯದು ಎಂದೆ. "ರೇಷ್ಮೆ ಹುಳು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ನಿಮ್ಮ ಕಡೆ ಬೇಕಾದಷ್ಟಿದೆಯಲ್ಲ!" ಎಂದ.

ನಮ್ಮ ಕಡೆ ಇರುವುದೇನು, ನಾನು ಹುಟ್ಟಿ ಬೆಳೆದದ್ದೇ ರೇಷ್ಮೆ ಹುಳುವಿನ ಮನೆಯಲ್ಲಿ. ಹಿಪ್ಪುನೇರಳೆ ಸೊಪ್ಪು ಹೆಚ್ಚಿಯೇ ಶಾಲೆಗೆ ಹೋಗುತ್ತಿದ್ದವನು. ಮಹದೇವಮ್ಮನ ತಮ್ಮನೂ ಟಿ. ನರಸೀಪುರದ ಹತ್ತಿರದ ಹಳ್ಳಿಯಲ್ಲಿ ಹುಳು ಸಾಕುತ್ತಾನೆ ಎಂದು ತಿಳಿದಾಗ ನನಗೆ ಎಲ್ಲಿಲ್ಲದ ಹುರುಪು ಬಂತು.

"ಅಮ್ಮಾ, ಹಬ್ಬಹರಿದಿನಕ್ಕೆ ರೇಷ್ಮೆ ಉಟ್ಟು ಪೂಜೆಗೆ ಕೂರುತ್ತೀರಿ ತಾನೇ? ಅದು ಈ ಹುಳುವಿನ ಜೀವದಿಂದಲೇ ಬಂದದ್ದು. ಮೈಮೇಲೆ ಹಾಕಿಕೊಂಡರೆ ಇಲ್ಲದ ದೋಷ, ಒಂದು ಮರಿ ಉಳಿಸಲು ಕೊಟ್ಟರೆ ಬರುತ್ತದೆಯೇ?"

ಅವರು ಕೊರಳಿನ ಲಿಂಗವನ್ನು ಮುಟ್ಟಿಕೊಂಡು ಪಟಾಕಿಯತ್ತ ನೋಡಿದರು. ನಾನೋ, ಎಂಥ ಮಾತು ಹೇಳಿದೆ ಎಂದು ಒಳಗೊಳಗೇ ಬೀಗುತ್ತಿದ್ದೆ. ಇಂದು ಅದನ್ನು ನೆನೆದರೆ ಮೈ ಉರಿಯುತ್ತದೆ.

"ಲಿಂಗ ಇಡಿಯೋ ಕೈಲಿ ಉಳ ಇಡಿಯೋದು ಎಂಗೆ ಸಾ?" ಎಂದರು ಕೊನೆಗೆ. "ಓಗ್ಲಿ, ಅದು ಬದುಕ್ಕಳದಾದ್ರೆ ತತ್ತೀನಿ."

ಎರಡನೇ ಜ್ವರ ದಾಟಿದ ಸಣ್ಣ ಹುಳು ತನ್ನಿ ಎಂದು ಹೇಳಿದೆ. ರೇಷ್ಮೆ ಹುಳು ಪೊರೆ ಬಿಡಲು ಮೇವು ಬಿಟ್ಟು ಕೂರುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ; ಗೂಡು ಕಟ್ಟುವ ಮುನ್ನ ಅದಕ್ಕೆ ನಾಲ್ಕು ಜ್ವರ. ಕ್ಯಾಲ್ಸಿಯಂ ಪುಡಿಯ ಡಬ್ಬಿ ಕೊಟ್ಟು, ಹುಳು ಬೆಳ್ಳಗೆ ಕಾಣುವಷ್ಟು ಉದುರಿಸಿ ತಿನ್ನಿಸಿ ಎಂದೆ. ನಾನು ಹೇಳಿದ್ದು ಅಷ್ಟೇ. ಹೇಳದೆ ಬಿಟ್ಟದ್ದು ಒಂದಿತ್ತು.

ಹತ್ತು ದಿನ ಕಳೆದು ಸೌಮ್ಯ ಮೊಬೈಲಿಗೆ ವಿಡಿಯೊ ಕಳಿಸಿದಳು. ಹೊಸ ದೀಪದ ಕೆಳಗೆ ಪಟಾಕಿ ಗಾಜಿಗೆ ಮುಂಗಾಲು ಕೊಟ್ಟು ಕುಣಿಯುತ್ತಿದೆ. ಮಹದೇವಮ್ಮ ಬಲಗೈಯಲ್ಲಿ ಒಂದು ಚಮಚ ಹಿಡಿದು, ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು, ಹುಳುವನ್ನು ಒಳಗೆ ಚಾಚುತ್ತಿದ್ದಾರೆ. ಪಟಾಕಿ ಟಪ್ಪನೆ ನಾಲಿಗೆ ಹಾಕಿದಾಗಲೆಲ್ಲ "ಶಿವನೇ" ಎನ್ನುತ್ತಾರೆ, ಆಮೇಲೆ ನಗುತ್ತಾರೆ. ಹಿಂದೆ ಸೌಮ್ಯಳ ನಗೆಯೂ ಕೇಳಿಸುತ್ತದೆ. ಆ ವಿಡಿಯೊವನ್ನು ನಮ್ಮ ಕಾಂಪೌಂಡರಿಗೂ ತೋರಿಸಿ ಮೆರೆದೆ. ಮತ್ತೆ ಬಂದಾಗ ದವಡೆ ಗಟ್ಟಿಯಾಗುತ್ತಿತ್ತು, ಕಾಲಿನ ನಡುಕ ನಿಂತಿತ್ತು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಇಬ್ಬರೂ ಆಟೊದಲ್ಲಿ ಬಂದಿಳಿದರು. ಪೆಟ್ಟಿಗೆಯಲ್ಲಿ ಸದ್ದಿರಲಿಲ್ಲ. ಪಟಾಕಿಯ ಗಡ್ಡ ಕಪ್ಪಾಗಿತ್ತು, ಬಾಯಿಂದ ಜೊಲ್ಲು ಸೋರುತ್ತಿತ್ತು. ಬಾಯಿ ಬಿಡಿಸಿದೆ. ಒಳಗಿನ ಚರ್ಮ ಸುಟ್ಟಂತೆ ಕೆಂಪಗೆ ಎದ್ದಿತ್ತು. ಪಕ್ಕದಲ್ಲಿ ಉಳಿದ ಹುಳುಗಳ ಡಬ್ಬಿ. ಮುಚ್ಚಳ ತೆಗೆದ ಕೂಡಲೇ ಕಣ್ಣು ಚುರುಗುಟ್ಟುವ ಘಾಟು ಮೂಗಿಗೆ ಬಡಿಯಿತು. ನನ್ನ ಬಾಲ್ಯವೆಲ್ಲ ಆ ಘಾಟಿನಲ್ಲೇ ಕಳೆದಿದೆ.

ಜ್ವರದಿಂದೆದ್ದ ಹುಳುವಿಗೆ ಮೊದಲ ಸೊಪ್ಪು ಹಾಕುವ ಮುಂಚೆ ಸೋಂಕು ತಗಲದಿರಲೆಂದು ಒಂದು ಪುಡಿ ಉದುರಿಸುತ್ತಾರೆ. ಸುಣ್ಣಕ್ಕೆ ಫಾರ್ಮಲಿನ್ ಜಾತಿಯ ರಾಸಾಯನಿಕ ಬೆರೆಸಿದ್ದು. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಮೂಗಿಗೆ ಟವೆಲು ಸುತ್ತಿಕೊಂಡು, ಹುಳು ಸಾಕುವ ತಟ್ಟೆಯ ಮೇಲೆ ತಟ್ಟುವ ಆ ಕೆಲಸವನ್ನು ಹುಡುಗನಾಗಿದ್ದಾಗ ನಾನೇ ಮಾಡಿದ್ದೇನೆ. ಅದೂ ಬಿಳಿಯದೇ.

"ಹುಳು ಯಾವಾಗ ತಂದಿರಿ?"

"ನೆನ್ನೆ ಸಾ. ಬೇರೆ ಸಲ ಎಲ್ಲ ತಮ್ಮನೇ ಆರ್ಸ್ ಕೊಡ್ತಿದ್ದ, ನೆನ್ನೆ ತೋಟಕ್ ಓಗಿದ್ದ. ನಾನೇ ತಟ್ಟೆಯಿಂದ ಆಯ್ಕಂಡ್ ಬಂದೆ. ಪುಡಿ ಆಗ್ಲೇ ಆಕಿದ್ರು. ಬೆಳ್ಳಗ್ ಕಾಣ್ಬೇಕು ಅಂತ ನೀವೇ ಏಳಿದ್ರಲ್ಲ, ತಮ್ಮನ ಮನೇವ್ರೂ ಅದ್ನೇ ಆಕ್ತಾರೆ ಅಂದ್ಕಂಡೆ. ಡಬ್ಬಿ ಪುಡಿ ಉಳೀತಲ್ಲ ಅಂತ ಖುಷಿ ಆಯ್ತು."

ಬಾಯಿ ತೊಳೆದೆ. ಬೆಚ್ಚಗಿನ ದ್ರವ ಕೊಟ್ಟೆ. ಗೆಳೆಯನಿಗೆ ಫೋನು ಹಚ್ಚಿ ಅವನು ಹೇಳಿದ್ದನ್ನೆಲ್ಲ ಮಾಡಿದೆ. ಆ ಗಾತ್ರದ ಜೀವಕ್ಕೆ ಇದ್ದುದರಲ್ಲೇ ಸಣ್ಣ ಸೂಜಿ ಹುಡುಕಿ ಹಾಕಿದೆ. ಹೊರಗೆ ಲಸಿಕೆಗೆ ಬಂದ ದನಗಳ ಸಾಲು ಬೆಳೆಯುತ್ತಿತ್ತು. ಹನ್ನೆರಡರ ಸುಮಾರಿಗೆ ಪಟಾಕಿ ಒಮ್ಮೆ ಕಣ್ಣು ತೆರೆದು, ಮುಂಗಾಲನ್ನು ಸ್ವಲ್ಪ ಎತ್ತಿತು. ಮಹದೇವಮ್ಮ "ಶರಣಪ್ಪಾ" ಎಂದರು. ಕಾಲು ಮತ್ತೆ ಮೇಲೇಳಲಿಲ್ಲ.

"ನಾನ್ ಕೊಟ್ಟಿದ್ಕೇ ಇಂಗಾಯ್ತಾ ಸಾ?"

ಆಗ ಹೇಳಬೇಕಿತ್ತು. ತಪ್ಪು ನನ್ನದಮ್ಮಾ, ರೇಷ್ಮೆ ಮನೆಯಲ್ಲಿ ಬೆಳೆದವನು ಆ ಪುಡಿಯ ವಿಷಯ ನಿಮಗೆ ಹೇಳಲಿಲ್ಲ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಬಾಗಿಲಲ್ಲಿ ಹತ್ತು ಜನ ನಿಂತು ನೋಡುತ್ತಿದ್ದರು. ಇಷ್ಟು ವರ್ಷದ ಮರ್ಯಾದೆ ಅಡ್ಡ ಬಂತು.

"ಸಣ್ಣ ಜೀವ ಅಮ್ಮಾ. ಇಂಥದ್ದೇ ಕಾರಣ ಅಂತ ಹೇಳೋಕಾಗಲ್ಲ," ಎಂದೆ. ಕೇಸ್ ಶೀಟಿನಲ್ಲಿ "ಸಾವಿನ ಕಾರಣ ತಿಳಿದುಬಂದಿಲ್ಲ" ಎಂದು ಬರೆದು ಸಹಿ ಹಾಕಿದೆ. ಸೌಮ್ಯ ಅದನ್ನು ಓದಿ, ನನ್ನ ಮುಖ ನೋಡಿ, ಪೆಟ್ಟಿಗೆ ಎತ್ತಿಕೊಂಡು ಹೋದಳು.

ಆಮೇಲಿನ ಮೂರು ವಾರ ಅನ್ನ ರುಚಿಸಲಿಲ್ಲ. ಕೊನೆಗೆ ಕೇಸ್ ಶೀಟು ತೆಗೆದು, ಬರೆದದ್ದನ್ನು ಹೊಡೆದು ಹಾಕಿ, ಕೆಳಗೆ ನಿಜವಾದ ಕಾರಣವನ್ನೂ ಸಲಹೆ ಕೊಡುವಾಗ ನಾನು ಮಾಡಿದ ಲೋಪವನ್ನೂ ಬರೆದೆ. ಅದರ ಪ್ರತಿ ಹಿಡಿದು ಒಂದು ಭಾನುವಾರ ತಾಂಡವಪುರಕ್ಕೆ ಹೋದೆ.

ಪಡಸಾಲೆಯಲ್ಲಿ ಗಾಜಿನ ಪೆಟ್ಟಿಗೆ ಹಾಗೇ ಇತ್ತು. ಯುವಿಬಿ ದೀಪವನ್ನು ಬಟ್ಟೆಯಲ್ಲಿ ಸುತ್ತಿ ಅದರೊಳಗೇ ಇಟ್ಟಿದ್ದರು. ಮಹದೇವಮ್ಮ ಸೊರಗಿದ್ದರು. ಅತ್ತೆ ಈಗ ಪೂಜೆಗೆ ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಳ್ಳುವುದಿಲ್ಲ, ಕರಡಿಗೆಯನ್ನೇ ಬಿಚ್ಚದೆ ಕೈ ಮುಗಿದು ಏಳುತ್ತಾರೆ ಎಂದು ಸೌಮ್ಯ ಹೇಳಿದಳು. ಲಿಂಗವಿರುವ ಆ ಬೆಳ್ಳಿಯ ಭರಣಿ ಅವರ ಎದೆಯ ಮೇಲೆ ಮುಚ್ಚಿಕೊಂಡೇ ಇತ್ತು.

ಎಲ್ಲವನ್ನೂ ಹೇಳಿದೆ. ಪುಡಿ, ಘಾಟು, ನನ್ನ ಮರೆವು, ಅವತ್ತಿನ ನನ್ನ ಸುಳ್ಳು. ಕಾಗದವನ್ನು ಮುಂದಿಟ್ಟೆ. ಸೌಮ್ಯ ಓದಿದಳು. ದಿನವೂ ಲ್ಯಾಬಿನಲ್ಲಿ ದಾಖಲೆ ಬರೆಯುವವಳ ಕಣ್ಣು ನೇರವಾಗಿ ಹೊಡೆದು ಹಾಕಿದ ಸಾಲಿಗೇ ಹೋಯಿತು.

"ಈ ಕೆಳಗಿನ ಸಾಲು ಆಮೇಲೆ ಬರೆದಿದ್ದು ಅಲ್ವಾ ಸರ್? ಇಂಕೇ ಬೇರೆ ಇದೆ."

"ಹೌದು. ಮೊನ್ನೆ ಬರೆದೆ."

"ಅವತ್ತೇ ಯಾಕೆ ಬರೀಲಿಲ್ಲ?"

ಅವಳು ಕಾಗದವನ್ನು ಮಡಿಸಿ ಟೀಪಾಯಿ ಮೇಲಿಟ್ಟು ಒಳಗೆ ಹೋದಳು. ನಾನಿದ್ದಷ್ಟು ಹೊತ್ತೂ ಹೊರಗೆ ಬರಲಿಲ್ಲ.

ಮಹದೇವಮ್ಮ ಮಾತ್ರ ನನ್ನನ್ನು ಕನಿಕರದಿಂದ ನೋಡಿದರು. "ನನ್ ಸಮಾಧಾನಕ್ಕೆ ಅಂತ ಸರ್ಕಾರಿ ಕಾಗ್ದದಲ್ಲಿ ಸುಳ್ ಬರುದ್ರಾ ಸಾ? ಬ್ಯಾಡಿ. ನಿಮ್ ಕೆಲ್ಸಕ್ಕೆ ಕುತ್ತು ಬಂದಾತು."

"ಸುಳ್ಳಲ್ಲಮ್ಮಾ. ಅವತ್ತು ಹೇಳಿದ್ದೇ ಸುಳ್ಳು."

"ದೊಡ್ ಮನ್ಸು ನಿಮ್ದು. ಪೂಜೆ ಮಾಡೋ ಕೈಲಿ ಜೀವ ತಿನ್ಸಿದ್ದು ನಾನು. ಆ ಶಿವ ಅದ್ನೇ ಕಿತ್ಕಂಡ. ನೀವ್ ಕೊರಗ್ಬ್ಯಾಡಿ, ಮಜ್ಗೆ ಕುಡೀರಿ."

ಮತ್ತೆ ಹೇಳಿದೆ. ಮೂರನೆಯ ಸಲವೂ ಹೇಳಿದೆ. ಹೇಳಿದಷ್ಟೂ ನನ್ನ ಒಳ್ಳೆಯತನ ಅವರ ಕಣ್ಣಿನಲ್ಲಿ ಹೆಚ್ಚುತ್ತಾ ಹೋಯಿತು. ಮಜ್ಜಿಗೆ ಕುಡಿದು ಎದ್ದೆ.

ನಿವೃತ್ತನಾದ ಮೇಲೂ ಹೊಸದಾಗಿ ಕೆಲಸಕ್ಕೆ ಸೇರಿದ ವೈದ್ಯರು ಆಗಾಗ ಮನೆಗೆ ಬರುತ್ತಾರೆ. ಗೊತ್ತಿಲ್ಲದ ಪ್ರಾಣಿ ಬಂದರೆ ಏನು ಮಾಡಬೇಕು ಎಂದು ಕೇಳುತ್ತಾರೆ. ಗೊತ್ತಿಲ್ಲದ್ದನ್ನು ಹತ್ತು ಜನರನ್ನು ಕೇಳಿಯಾದರೂ ತಿಳಿಯುತ್ತೇವೆ. ಇನ್ನೊಬ್ಬರಿಗೆ ಹೇಳಲು ಮರೆಯುವುದು ತೀರಾ ಗೊತ್ತಿರುವುದನ್ನೇ ಎನ್ನುತ್ತೇನೆ. ತಪ್ಪಾದರೆ ಪ್ರಾಣಿ ಇನ್ನೂ ಮೇಜಿನ ಮೇಲಿರುವಾಗಲೇ ಒಪ್ಪಿಕೊಳ್ಳಿ, ಬಾಗಿಲಲ್ಲಿ ಎಷ್ಟೇ ಜನ ನಿಂತಿರಲಿ ಎಂದೂ ಹೇಳುತ್ತೇನೆ. ಯಾಕೆ ಎಂದು ಅವರು ಕೇಳುವುದಿಲ್ಲ.

ಹೋದ ತಿಂಗಳು ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಮಹದೇವಮ್ಮ ಸಿಕ್ಕರು. ಚೆನ್ನಾಗಿದ್ದೀರಾ ಸಾ ಎಂದು ವಿಚಾರಿಸಿ, ಚೀಲದಿಂದ ಎರಡು ಬಾಳೆಹಣ್ಣು ತೆಗೆದು ಕೊಟ್ಟರು. ಪೂಜೆಗೆ ಲಿಂಗವನ್ನು ಮತ್ತೆ ಕೈಗೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದೆ. ಅವರು ಎಡ ಅಂಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, "ಇನ್ನೂ ಇಲ್ಲ ಸಾ," ಎಂದರು.